ದಾಖಲೆಯಲ್ಲಿಲ್ಲದ ಊರು: ಇಂಡಿ ಸೀಮೆಯ ತಾಂಡಾ, ವಸ್ತಿಗಳು ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಗ್ರಾಮ ಪಂಚಾಯತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಕಂದಾಯ ಇಲಾಖೆಯ ಹಳೆಯ ದಫ್ತರಗಳನ್ನು ತಿರುವಿದವರಿಗೆ ‘ಬೇಚರಾಕ್’ ಎಂಬ ಶಬ್ದ ಅಪರಿಚಿತವಲ್ಲ. ಪಾರ್ಸಿಯ ‘ಬೇ ಚಿರಾಗ್’, ಅಂದರೆ ದೀಪವಿಲ್ಲದ್ದು ಎಂಬುದು ಅದರ ಮೂಲ. ಬರಗಾಲವೋ, ಪಿಡುಗೋ, ದಂಡಯಾತ್ರೆಯೋ ಬಂದು ಜನರು ಬಿಟ್ಟುಹೋದ ಊರಿಗೆ ಈ ಹೆಸರು. ಅಲ್ಲಿ ಮನೆಯಿಲ್ಲ, ಮನುಷ್ಯರಿಲ್ಲ. ಆದರೆ ಊರಿನ ಹೆಸರುಂಟು, ಎಲ್ಲೆಯುಂಟು, ನಕಾಶೆಯುಂಟು, ಸರ್ವೆ ನಂಬರುಗಳ ಸಾಲುಂಟು. ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಬಗೆಯ ಊರು ಇದೇ ಸೀಮೆಯಲ್ಲಿದೆ. ಅಲ್ಲಿ ನೂರಾರು ಮನೆಗಳಲ್ಲಿ ಪ್ರತಿ ಸಂಜೆ ದೀಪ ಉರಿಯುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಮತದಾರರ ಪಟ್ಟಿಯಲ್ಲಿ ಹೆಸರುಗಳಿವೆ. ಆದರೆ ಕಂದಾಯ ದಾಖಲೆಯ ಪ್ರಕಾರ ಅಲ್ಲಿ ಊರೇ ಇಲ್ಲ, ಇರುವುದು ಯಾರದೋ ಹೊಲ. ದೀಪವಿಲ್ಲದ ಊರಿಗೆ ದಾಖಲೆಯಿದ್ದು, ದೀಪವಿರುವ ಊರಿಗೆ ದಾಖಲೆಯಿಲ್ಲದ ಈ ಸ್ಥಿತಿಯನ್ನೇ ಸರ್ಕಾರದ ಭಾಷೆಯಲ್ಲಿ ‘ದಾಖಲೆರಹಿತ ಜನವಸತಿ’ ಎಂದು ಕರೆಯಲಾಗಿದೆ.

ವಿಷಯದ ಒಳಹೊಗುವ ಮುನ್ನ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ‘ಗ್ರಾಮ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತಿದೆ. ಮೊದಲನೆಯದು ಕಂದಾಯ ಗ್ರಾಮ: ಅದು ಭೂಮಿಯ ಲೆಕ್ಕಕ್ಕಾಗಿ ಸರ್ವೆ ಮಾಡಿ ಎಲ್ಲೆ ಕಟ್ಟಿದ ಘಟಕ. ಎರಡನೆಯದು ಗ್ರಾಮ ಪಂಚಾಯತಿ ಪ್ರದೇಶ: ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರಂತೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಯ ಒಂದು ಅಥವಾ ಹಲವು ಕಂದಾಯ ಗ್ರಾಮಗಳು ಸೇರಿದ ಆಡಳಿತ ಘಟಕ. ಮೂರನೆಯದು ಜನವಸತಿ: ಜನರು ನಿಜವಾಗಿ ಒಟ್ಟಾಗಿ ಬಾಳುವ ಸ್ಥಳ. ಹಳೆಯ ಊರುಗಳಲ್ಲಿ ಮೊದಲನೆಯದೂ ಮೂರನೆಯದೂ ಒಂದರ ಮೇಲೊಂದು ಸರಿಯಾಗಿ ಕುಳಿತಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ತಾಂಡಾ ಮತ್ತು ವಸ್ತಿಗಳಲ್ಲಿ ಇವೆರಡೂ ಬೇರೆಯಾಗಿ ನಿಂತಿವೆ. ತಾಂಡಾ ಕಂದಾಯ ಗ್ರಾಮವಾಯಿತೆಂದರೆ ಪ್ರತ್ಯೇಕ ಪಂಚಾಯತಿ ಆಗಿಬಿಡುತ್ತದೆಂದು ಭಾವಿಸುವವರೂ ಇದ್ದಾರೆ, ಹಾಗಾಗಿಬಿಟ್ಟೀತೆಂದು ಅಂಜುವವರೂ ಇದ್ದಾರೆ. ಎರಡೂ ಸರಿಯಲ್ಲ. ಹೊಸ ಕಂದಾಯ ಗ್ರಾಮವು ಅದೇ ಗ್ರಾಮ ಪಂಚಾಯತಿಯ ಒಳಗೇ ಉಳಿಯುತ್ತದೆ. ಪಂಚಾಯತಿಗಳ ಪುನರ್‌ವಿಂಗಡಣೆ ಬೇರೆಯೇ ಒಂದು ಪ್ರಕ್ರಿಯೆ.

ಈ ಸೀಮೆಯಲ್ಲಿ ಜನರು ಹೇಗೆ ನೆಲೆಸಿದರೆಂಬುದನ್ನು ಸ್ವಲ್ಪ ನೋಡಬೇಕು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇವುಗಳ ನಡುವಣ ಎರೆನೆಲ ಹಾಗೂ ಮಡ್ಡಿ. ಎರೆನೆಲದ ಮೇಲೆ ಮನೆ ಕಟ್ಟುವುದು ಕಷ್ಟ, ಕುಡಿಯುವ ನೀರು ಸಿಗುವುದು ಇನ್ನೂ ಕಷ್ಟ. ಹೀಗಾಗಿ ಹಳೆಯ ಊರುಗಳೆಲ್ಲ ಹಳ್ಳದ ದಂಡೆಯಲ್ಲೋ ಬಾವಿಗೆ ನೀರು ಸಿಕ್ಕ ಕಡೆಯಲ್ಲೋ ಒತ್ತಾಗಿ ಬೆಳೆದವು. ಕಳ್ಳಕಾಕರ ಮತ್ತು ದಂಡುಗಳ ಭಯವೂ ಇದ್ದುದರಿಂದ ಸುತ್ತ ಮಣ್ಣಿನ ಗೋಡೆ, ಮೂಲೆಗೊಂದು ಹುಡೆ. ಆ ಹುಡೆಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಗೋಡೆಯ ಒಳಗೆ ಊರು, ಹೊರಗೆ ಹೊಲ ಎಂಬ ಆ ವ್ಯವಸ್ಥೆಯನ್ನೇ ಮುಂಬಯಿ ಸರ್ಕಾರದ ಸರ್ವೆಯವರು ನಕಾಶೆಗೆ ಇಳಿಸಿದರು. ಮನೆಗಳಿರುವ ಭಾಗಕ್ಕೆ ಗಾಂವಠಾಣ, ದನ ಮೇಯುವ ಭಾಗಕ್ಕೆ ಗಾಯರಾಣ, ಉಳಿದದ್ದಕ್ಕೆ ಸರ್ವೆ ನಂಬರು. ಅಂದು ಜಿಲ್ಲೆಯ ಕೇಂದ್ರ ಕಲಾದಗಿ. 1885ರಲ್ಲಿ ಅದು ವಿಜಾಪುರಕ್ಕೆ ಬಂದಿತು. ಆ ಸರ್ವೆಯ ಹೊತ್ತಿಗೆ ಗಾಂವಠಾಣದ ಒಳಗೆ ಇರದಿದ್ದವರು ನಕಾಶೆಯ ಹೊರಗೇ ಉಳಿದರು. ಮುಂದಿನ ಎಲ್ಲ ತೊಡಕುಗಳ ಬೇರು ಇದೇ.

ಹೊರಗುಳಿದವರಲ್ಲಿ ಲಂಬಾಣಿಗಳು ಮುಖ್ಯರು. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನದ ಉದ್ದಗಲಕ್ಕೂ ಸಾಗಿಸುತ್ತಿದ್ದ ಈ ಸಮುದಾಯಕ್ಕೆ ನೆಲೆಯೂರು ಬೇಕಿರಲಿಲ್ಲ. ಸೈನ್ಯಗಳಿಗೂ ಸಂತೆಗಳಿಗೂ ಇವರೇ ಬೇಕಾಗಿದ್ದರು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ರೈಲು ಓಡತೊಡಗಿತು. ಇಂಡಿ ರೋಡ್ ನಿಲ್ದಾಣ ಆ ಮಾರ್ಗದ ಮೇಲೆಯೇ ಇದೆ. ರೈಲುಡಬ್ಬಿ ಹೊರುವಷ್ಟನ್ನು ಎತ್ತು ಹೊರಲಾರದು. ದಂಧೆ ತಪ್ಪಿದ ಗುಂಪುಗಳು ಊರುಗಳ ಸೀಮೆಯಾಚೆ, ಮಡ್ಡಿಯ ಮೇಲೆ, ಗಾಯರಾಣದ ಅಂಚಿನಲ್ಲಿ, ಅಥವಾ ಕೂಲಿ ಕೊಟ್ಟ ಹೊಲದೊಡೆಯನ ಜಮೀನಿನಲ್ಲಿ ಬೀಡುಬಿಟ್ಟವು. ಬೀಡು ಎಂಬುದೇ ತಾಂಡಾ ಎಂಬುದರ ಅರ್ಥ. ನಾಯಕ, ಡಾವ, ಕಾರಭಾರಿ ಎಂಬ ಹಿರಿಯರ ಆಡಳಿತವೂ, ಸೇವಾಲಾಲರ ಗುಡಿಯೂ, ಹೋಳಿಯ ಹಾಡುಗಳೂ ಅಲ್ಲಿ ಬೆಳೆದು ನಿಂತವು. ಹೊರಗಿನವರು ಮಾತ್ರ ಅದನ್ನು ಪಕ್ಕದ ಊರಿನ ಬಾಲವೆಂದೇ ಎಣಿಸಿದರು: ಆ ಊರಿನ ಹೆಸರು, ಮುಂದೆ ‘ಎಲ್.ಟಿ.’ ಎಂಬ ಎರಡಕ್ಷರ, ಒಂದಕ್ಕಿಂತ ಹೆಚ್ಚಿದ್ದರೆ ಕೊನೆಗೊಂದು ಅಂಕಿ. ಮೂರು ನಾಲ್ಕು ತಲೆಮಾರು ಬಾಳಿದ ಊರಿಗೆ ಕೈದಿಗೆ ಕೊಡುವಂತೆ ನಂಬರು ಕೊಟ್ಟಿರುವುದು ಅಷ್ಟೇನೂ ಗೌರವದ ಮಾತಲ್ಲ.

ದಾಖಲೆಯಿಲ್ಲದಿದ್ದರೆ ನಷ್ಟವೇನು ಎಂಬ ಪ್ರಶ್ನೆಯನ್ನು ಕೆಲವು ಸದಸ್ಯರು ಕೇಳುವುದುಂಟು. ರಸ್ತೆ ಆಗಿದೆ, ದೀಪ ಬಂದಿದೆ, ನೀರಿನ ಟಾಕಿ ನಿಂತಿದೆ, ಇನ್ನೇನು ಬೇಕು ಎಂಬುದು ಅವರ ಭಾವ. ಉತ್ತರ ಮನೆಯ ಗೋಡೆಯಲ್ಲಿಯೇ ಇದೆ. ಮನೆ ಕಟ್ಟಿದವನು ಒಬ್ಬ. ಅದರ ಅಡಿಯ ನೆಲದ ಉತಾರದಲ್ಲಿ ಹೆಸರಿರುವವನು ಇನ್ನೊಬ್ಬ. ಆ ಮನೆಯ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. ನಿವೇಶನದ ದಾಖಲೆ ಕೇಳುವ ವಸತಿ ಯೋಜನೆಯಲ್ಲಿ ಅರ್ಜಿ ನಿಲ್ಲುವುದಿಲ್ಲ. ತಂದೆ ತೀರಿಕೊಂಡರೆ ಮಕ್ಕಳ ನಡುವೆ ವಾಟಣಿ ಬಾಯಿಮಾತಿನಲ್ಲಿಯೇ ಮುಗಿಯಬೇಕು. ಜಗಳವಾದರೆ ನ್ಯಾಯಾಲಯದಲ್ಲಿ ತೋರಿಸಲು ಹಾಳೆಯಿಲ್ಲ. ಸ್ಮಶಾನಕ್ಕೆ, ಶಾಲೆಯ ಆಟದ ಬಯಲಿಗೆ, ಅಂಗನವಾಡಿ ಕಟ್ಟಡಕ್ಕೆ ಜಾಗ ಕಾಯ್ದಿರಿಸಲು ಗ್ರಾಮವೇ ಇಲ್ಲ. ಸ್ಮಶಾನದ ಮಾತಂತೂ ಹೇಳಲು ಸಂಕೋಚ ಹುಟ್ಟಿಸುವಂಥದು: ಮಳೆಗಾಲದಲ್ಲಿ ಶವ ಹೊತ್ತುಕೊಂಡು ಯಾರ ಬದುವಿನ ಮೇಲೆ ಹೋಗಬೇಕೆಂದು ಅಂಗಲಾಚುವ ಸ್ಥಿತಿ ಇರಬಾರದು.

ಎಣಿಕೆಯ ತೊಂದರೆಯೂ ಸಣ್ಣದಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 21,77,331. ಕಂದಾಯ ಗ್ರಾಮವಾಗಿರದ ತಾಂಡಾಗಳ ಜನರೂ ಈ ಸಂಖ್ಯೆಯಲ್ಲಿ ಸೇರಿದ್ದಾರೆ. ಆದರೆ ಯಾವ ತಾಂಡಾದಲ್ಲಿ ಎಷ್ಟು ಮಂದಿ, ಅಕ್ಷರಸ್ಥರೆಷ್ಟು, ಕೂಲಿಗಳೆಷ್ಟು ಎಂಬುದು ಗ್ರಾಮವಾರು ಪಟ್ಟಿಯಲ್ಲಿ ಸಿಗದು. ಪಟ್ಟಿಯ ಘಟಕ ಕಂದಾಯ ಗ್ರಾಮವಾದ್ದರಿಂದ ತಾಂಡಾದ ಅಂಕಿ ಮೂಲ ಊರಿನ ಅಂಕಿಯಲ್ಲಿ ಕರಗಿಹೋಗುತ್ತದೆ. ಮೂಲ ಊರಿನಲ್ಲಿ ಪ್ರೌಢಶಾಲೆ, ಬ್ಯಾಂಕು, ಆಸ್ಪತ್ರೆ ಇದ್ದರೆ ಮೂರು ಕಿಲೋಮೀಟರ್ ದೂರದ ತಾಂಡಾದಲ್ಲಿಯೂ ಅವೆಲ್ಲ ಇದ್ದಂತೆಯೇ ಕಾಗದದ ಮೇಲೆ ತೋರುತ್ತದೆ. ಮುಂದಿನ ಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ನಿಗದಿಯಾಗಿದ್ದು, ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ರೊಳಗೆ ಅಂತಿಮಗೊಳಿಸುವಂತೆ ರಾಜ್ಯಗಳಿಗೆ ಸೂಚನೆ ಬಂದಿತ್ತು. ಆ ದಿನದೊಳಗೆ ಅಧಿಸೂಚನೆಯಾದ ತಾಂಡಾಗಳಿಗೆ ತಮ್ಮದೇ ಸಾಲು ದೊರೆಯುವ ಅವಕಾಶವಿದೆ. ಉಳಿದವುಗಳ ವಿಷಯದಲ್ಲಿ ಪಂಚಾಯತಿಯೇ ತನ್ನ ಮಟ್ಟದಲ್ಲಿ ಜನವಸತಿವಾರು ಲೆಕ್ಕ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಇನ್ನು ಕಾನೂನು. 1974ರ ತಿದ್ದುಪಡಿಯಿಂದ ‘ಉಳುವವನೇ ಹೊಲದೊಡೆಯ’ ಎಂಬುದು ಜಾರಿಗೆ ಬಂದಾಗ ಲಾಭವಾದದ್ದು ಗೇಣಿ ಮಾಡುತ್ತಿದ್ದವರಿಗೆ. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡ ಕೃಷಿ ಕಾರ್ಮಿಕನಿಗೂ ಆ ಕಾಯ್ದೆಯ 38ನೆಯ ಪ್ರಕರಣದಲ್ಲಿ ಒಂದು ಅವಕಾಶವಿತ್ತು. ಆದರೆ ಅದು ಒಂದೊಂದು ಮನೆಯ ಲೆಕ್ಕ, ಇಡೀ ತಾಂಡಾದ ಲೆಕ್ಕವಲ್ಲ. ಈ ಕೊರತೆಯನ್ನು ತುಂಬಲು ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961ಕ್ಕೆ 2016ರ ತಿದ್ದುಪಡಿಯ ಮೂಲಕ 38-ಎ ಪ್ರಕರಣ ಸೇರಿತು. ರಾಷ್ಟ್ರಪತಿಗಳ ಅಂಕಿತ ದೊರೆತು 2017ರಲ್ಲಿ ಜಾರಿಗೆ ಬಂದಿತು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಕುರುಬರಹಟ್ಟಿ, ನಾಯಕರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್, ಕಾಲೊನಿ, ಮಜರೆ ಗ್ರಾಮ ಮೊದಲಾದವು ಖಾಸಗಿ ಜಮೀನಿನಲ್ಲಿದ್ದು ದಾಖಲೆಯಿಲ್ಲದೆ ಉಳಿದಿದ್ದರೆ, ಅಲ್ಲಿ ವಾಸಿಸುವವರ ಹೆಸರಿಗೆ ಮನೆಯ ನೆಲವನ್ನು ನೋಂದಾಯಿಸಲು ಇದು ದಾರಿ ಮಾಡಿತು. ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು ಹುಟ್ಟಿದ್ದು ಆಗಲೇ. ತಾಂಡಾ ಸರ್ಕಾರಿ ಜಮೀನಿನಲ್ಲಿದ್ದರೆ ಅನ್ವಯವಾಗುವುದು ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 94-ಡಿ. ಸದಸ್ಯರು ಇವೆರಡರ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಅನೇಕ ತಾಂಡಾಗಳು ಅರ್ಧ ಗಾಯರಾಣದಲ್ಲಿಯೂ ಅರ್ಧ ಪಟ್ಟಾ ಜಮೀನಿನಲ್ಲಿಯೂ ಹರಡಿಕೊಂಡಿವೆ. ಒಂದೇ ಓಣಿಯ ಎಡಸಾಲಿಗೆ ಒಂದು ಕಾಯ್ದೆ, ಬಲಸಾಲಿಗೆ ಇನ್ನೊಂದು. ಎಡಸಾಲಿಗೆ ಹಕ್ಕುಪತ್ರ ಬಂದು ಬಲಸಾಲಿಗೆ ಬಾರದಿದ್ದರೆ ಪಂಚಾಯತಿ ಸದಸ್ಯನ ಮೇಲೆ ಪಕ್ಷಪಾತದ ಆರೋಪ ಬರುವುದು ಖಂಡಿತ. ಕಾರಣವನ್ನು ಮೊದಲೇ ತಿಳಿಸಿದ್ದರೆ ಆ ಸಂಕಟ ತಪ್ಪುತ್ತದೆ.

2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನ ಮಂತ್ರಿಗಳು 50 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು 1,475 ದಾಖಲೆರಹಿತ ಜನವಸತಿಗಳು ಹೊಸ ಕಂದಾಯ ಗ್ರಾಮಗಳೆಂದು ಘೋಷಿತವಾಗಿದ್ದವು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರವು 1,11,111 ಕುಟುಂಬಗಳಿಗೆ ಡಿಜಿಟಲ್ ಹಕ್ಕುಪತ್ರ ನೀಡಿತು. ಎರಡು ಸರ್ಕಾರಗಳ ಕಾಲದಲ್ಲಿ, ಎರಡು ಪಕ್ಷಗಳ ವೇದಿಕೆಯಲ್ಲಿ ಒಂದೇ ಕೆಲಸ ಮುಂದುವರಿದದ್ದು ಈ ವಿಷಯದ ಭಾಗ್ಯ. ಯಶಸ್ಸು ಯಾರದೆಂಬ ಚರ್ಚೆಯನ್ನು ಗ್ರಾಮ ಸಭೆಗೆ ತರುವುದು ಮಾತ್ರ ಕಾಲಹರಣ.

ಘೋಷಣೆಯ ನಂತರದ ಕೆಲಸವೇ ದೊಡ್ಡದು, ಮತ್ತು ಅದು ಬಹುಪಾಲು ಗ್ರಾಮ ಪಂಚಾಯತಿಯ ಅಂಗಳದಲ್ಲಿದೆ. ಹಕ್ಕುಪತ್ರ ಎಂಬುದು ತಿಜೋರಿಯಲ್ಲಿಡುವ ಪ್ರಮಾಣಪತ್ರವಲ್ಲ. ಅದು ನೋಂದಣಿಯಾಗಿ, ಪಂಚಾಯತಿಯ ಆಸ್ತಿ ವಹಿಯಲ್ಲಿ ಏರಿ, ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಮತ್ತು ನಮೂನೆ-11ಎ ಆಗಿ ಹೊರಬಂದಾಗ ಮಾತ್ರ ಅದಕ್ಕೆ ಪೂರ್ಣ ಬಲ. ಅದೇ ತಾಂಡಾದಲ್ಲಿ ಹಕ್ಕುಪತ್ರವಿಲ್ಲದ ಮನೆಗಳಿಗೂ ತೆರಿಗೆಯಂತೂ ಆಕರಿಸಲಾಗುತ್ತದೆ. ಅಂಥ ಆಸ್ತಿ ನಮೂನೆ-11ಬಿಯ ವರ್ಗಕ್ಕೆ ಸೇರುತ್ತದೆ. ಕೈಯಲ್ಲಿ ತೆರಿಗೆ ಪಾವತಿಯ ರಸೀದಿ ಇದೆಯೆಂದ ಮಾತ್ರಕ್ಕೆ ಮಾಲೀಕತ್ವ ಬಂತೆಂದು ನಂಬಿ ಮಾರುವವರೂ ಕೊಳ್ಳುವವರೂ ಇದ್ದಾರೆ. ತೆರಿಗೆ ಕಟ್ಟುವುದು ಬೇರೆ, ಹಕ್ಕು ಪಡೆಯುವುದು ಬೇರೆ ಎಂಬುದನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಎಷ್ಟು ಸಲ ಹೇಳಿದರೂ ಕಡಿಮೆಯೇ. ಜೊತೆಗೆ, ಹೆಸರು ಬರೆಯಿಸುವಾಗ ಮನೆಯ ಯಜಮಾನಿಯ ಹೆಸರನ್ನೂ ಸೇರಿಸಲು ಎಲ್ಲೆಲ್ಲಿ ಅವಕಾಶವಿದೆಯೋ ಅಲ್ಲೆಲ್ಲ ಕೇಳಬೇಕು. ದುಡಿಯಲು ಹೋದ ಗಂಡಸು ಮರಳಿ ಬಾರದ ಮನೆಗಳು ತಾಂಡಾಗಳಲ್ಲಿ ಅಪರೂಪವಲ್ಲ.

ದುಡಿಯಲು ಹೋಗುವ ಈ ಮಾತು ಸ್ವಲ್ಪ ವಿವರಕ್ಕೆ ಅರ್ಹ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತಾಂಡಾಗಳಿಂದ ಪ್ರತಿ ವರ್ಷ ಹಿಂಗಾರಿನ ಹೊತ್ತಿಗೆ ಕುಟುಂಬಗಳು ಮುಕಾದಮರಿಂದ ಮುಂಗಡ ಪಡೆದು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಹೊರಡುತ್ತವೆ. ಇನ್ನು ಕೆಲವರು ಪುಣೆ, ಮುಂಬಯಿ, ಗೋವೆಗಳಲ್ಲಿ ಕಟ್ಟಡದ ಕೆಲಸಕ್ಕೆ. ಮನೆಗೆ ಬೀಗ, ಇಲ್ಲವೆ ಮುದುಕರು ಮಾತ್ರ. ಸರ್ವೆಯವರು, ಗ್ರಾಮ ಆಡಳಿತ ಅಧಿಕಾರಿ, ಗಣತಿದಾರ ಇವರು ಬಂದು ನೋಡುವ ಹೊತ್ತಿಗೆ ಬೀಗ ಹಾಕಿದ ಮನೆಯನ್ನು ‘ವಾಸವಿಲ್ಲ’ ಎಂದು ಬರೆದುಕೊಂಡು ಹೋಗುವ ಅಪಾಯವಿದೆ. 38-ಎ ಪ್ರಕರಣದ ತಿರುಳೇ ವಾಸ. ಹೊಟ್ಟೆಪಾಡಿಗೆ ಆರು ತಿಂಗಳು ಹೊರಗಿದ್ದವನು ವಾಸ ಬಿಟ್ಟವನಲ್ಲ. ಆದರೆ ಅದನ್ನು ಹೇಳಬೇಕಾದ ಹೊತ್ತಿನಲ್ಲಿ ಅವನು ಅಲ್ಲಿರುವುದಿಲ್ಲ. ಆ ಹೊತ್ತಿನಲ್ಲಿ ಅವನ ಪರವಾಗಿ ಹೇಳಬಲ್ಲವರು ವಾರ್ಡಿನ ಸದಸ್ಯರೊಬ್ಬರೇ. ಮತದಾರರ ಪಟ್ಟಿ, ಪಡಿತರ ಚೀಟಿ, ಶಾಲೆಯ ದಾಖಲಾತಿ, ವಿದ್ಯುತ್ ಬಿಲ್ಲು ಇವುಗಳ ಪ್ರತಿಗಳನ್ನು ಹೊರಡುವ ಮೊದಲೇ ಒಂದೆಡೆ ಕೂಡಿಸಿಟ್ಟರೆ ಸದಸ್ಯರ ಮಾತಿಗೆ ಆಧಾರವಿರುತ್ತದೆ.

ಮತ್ತೊಂದು ಕಡೆಯವನನ್ನೂ ಮರೆಯುವಂತಿಲ್ಲ. ತಾಂಡಾ ನಿಂತ ಜಮೀನಿನ ಉತಾರದಲ್ಲಿ ಹೆಸರಿರುವವನು ಯಾವಾಗಲೂ ದೊಡ್ಡ ಜಮೀನ್ದಾರನೇ ಆಗಿರುವುದಿಲ್ಲ. ಎಷ್ಟೋ ಕಡೆ ಅವನೂ ಅದೇ ತಾಂಡಾದ ನಾಯಕನ ಮೊಮ್ಮಗ. ಅಜ್ಜ ತನ್ನ ನಾಲ್ಕು ಎಕರೆಯಲ್ಲಿ ಬಂಧುಗಳಿಗೆ ಮನೆ ಕಟ್ಟಲು ಬಿಟ್ಟುಕೊಟ್ಟ, ಈಗ ಆ ಹೊಲದಲ್ಲಿ ಬಿತ್ತಲು ಅಂಗೈಯಗಲ ನೆಲವೂ ಉಳಿದಿಲ್ಲ, ಆದರೆ ಸಹಕಾರ ಸಂಘದ ಸಾಲದ ಬೋಜಾ ಮಾತ್ರ ಅದೇ ಸರ್ವೆ ನಂಬರಿನ ಮೇಲಿದೆ. ಕಾಯ್ದೆಯು ಮಾಲೀಕನಿಗೆ ತನ್ನ ಅಹವಾಲು ಹೇಳಿಕೊಳ್ಳಲು ಸ್ಥಾನ ನೀಡಿದೆ. ಅವನನ್ನು ವಿರೋಧಿಯೆಂದು ಬಗೆದು ಸಭೆಗೆ ಕರೆಯದೆ ಇರುವುದು ಅನ್ಯಾಯವೂ ಹೌದು, ಅವಿವೇಕವೂ ಹೌದು. ತಕರಾರು ಮೇಲ್ಮನವಿಗೆ ಹೋದರೆ ಇಡೀ ತಾಂಡಾದ ಹಕ್ಕುಪತ್ರಗಳು ವರ್ಷಗಟ್ಟಲೆ ನಿಲ್ಲುತ್ತವೆ. ಮೂಲ ಊರಿನವರ ಆತಂಕವೂ ಇಂಥದೇ: ಕಂದಾಯ ಗ್ರಾಮ ಬೇರೆಯಾದರೆ ಗಾಯರಾಣ ಯಾರ ಪಾಲಿಗೆ, ಕೆರೆ ಯಾರದು, ಜಾತ್ರೆಯ ಬಯಲು ಯಾರದು? ಕರಡು ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ ನೀಡುವ ಕಾಲಾವಕಾಶ ಇರುವುದೇ ಇಂಥ ಪ್ರಶ್ನೆಗಳಿಗಾಗಿ. ಸರ್ವೆ ನಂಬರುಗಳ ಪಟ್ಟಿಯನ್ನು ಪಂಚಾಯತಿಯ ಗೋಡೆಗೆ ಅಂಟಿಸಿದರೆ ಸಾಲದು; ಎರಡೂ ಕಡೆಯ ಹಿರಿಯರನ್ನು ಕೂರಿಸಿ ಓದಿ ಹೇಳಬೇಕು. ಹೆಸರಿನ ಚರ್ಚೆಯೂ ಆಗಲೇ ಮುಗಿಯಬೇಕು, ಏಕೆಂದರೆ ಅಂತಿಮ ಅಧಿಸೂಚನೆಯಲ್ಲಿ ಅಚ್ಚಾದ ಹೆಸರೇ ಮುಂದೆ ಆಧಾರ್‌ನಿಂದ ಹಿಡಿದು ಶಾಲೆಯ ವರ್ಗಾವಣೆ ಪತ್ರದವರೆಗೆ ಓಡಾಡುತ್ತದೆ. ಮತ್ತೆ ‘ಎಲ್.ಟಿ. ನಂಬರ್ 2’ ಎಂದೇ ಬರೆಸಿಕೊಂಡರೆ ತಪ್ಪು ಸರ್ಕಾರದ್ದಲ್ಲ.

ಇಲ್ಲಿಯವರೆಗಿನದು ತಾಂಡಾಗಳ ಕಥೆ. ಅದಕ್ಕಾದರೂ ಕಾಯ್ದೆಯಿದೆ, 2009ರಲ್ಲಿ ಸ್ಥಾಪನೆಯಾದ ತಾಂಡಾ ಅಭಿವೃದ್ಧಿ ನಿಗಮವಿದೆ. ತೋಟದ ವಸ್ತಿಗಳಿಗೆ ಇವಾವುದೂ ಇಲ್ಲ.

ಇಂಡಿ ತಾಲ್ಲೂಕಿನಲ್ಲಿ ಲಿಂಬೆ ಹಬ್ಬಿದಂತೆ ವಸ್ತಿಗಳೂ ಹಬ್ಬಿದವು. ಲಿಂಬೆಗಿಡಕ್ಕೆ ವರ್ಷವಿಡೀ ಆಳು ಬೇಕು: ಬೇಸಿಗೆಯಲ್ಲಿ ನೀರು, ಹಂಗಾಮಿನಲ್ಲಿ ಹಣ್ಣು ಆಯುವುದು, ರಾತ್ರಿ ಕಾವಲು. ಕೊಳವೆಬಾವಿಯ ಮೋಟಾರಿಗೆ ಕರೆಂಟು ಎಷ್ಟು ಹೊತ್ತಿಗೆ ಬರುವುದೋ ಅಷ್ಟು ಹೊತ್ತಿಗೆ ಹಾಜರಿರಬೇಕು. ಊರೊಳಗಿನ ಮನೆಯಿಂದ ಎರಡು ಮೈಲಿ ನಡೆದು ಬರುವ ಬದಲು ಜನರು ತೋಟದಲ್ಲಿಯೇ ಶೆಡ್ಡು ಹಾಕಿದರು, ಶೆಡ್ಡು ಮನೆಯಾಯಿತು, ಅಣ್ಣತಮ್ಮಂದಿರ ಮನೆಗಳು ಕೂಡಿ ವಸ್ತಿಯಾಯಿತು. ಗುತ್ತಿಬಸವಣ್ಣ ಏತ ನೀರಾವರಿ, ಇಂಡಿ ಶಾಖಾ ಕಾಲುವೆಗಳ ನೀರು ತಲುಪಿದ ಕಡೆ ಕಬ್ಬು, ದ್ರಾಕ್ಷಿ, ದಾಳಿಂಬೆಗಳೊಡನೆ ಇದು ಇನ್ನೂ ಹೆಚ್ಚಿತು. ಇಂಡಿ ಲಿಂಬೆಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲಿಯೇ ಇದೆ. ಬರದ ವರ್ಷಗಳಲ್ಲಿ ಟ್ಯಾಂಕರಿನ ನೀರು ಕೊಂಡು ಗಿಡ ಉಳಿಸಿದವರು ಈ ವಸ್ತಿಗಳ ಜನ. ಹಣ್ಣಿಗೆ ವಿಳಾಸ ಸಿಕ್ಕಿತು. ಬೆಳೆದವನ ಮನೆಗೆ ಇನ್ನೂ ಸಿಕ್ಕಿಲ್ಲ.

ವಸ್ತಿಯವರಿಗೆ ಜಮೀನಿನ ಹಕ್ಕಿನ ತೊಂದರೆ ಸಾಮಾನ್ಯವಾಗಿ ಇಲ್ಲ, ತಮ್ಮ ಹೊಲದಲ್ಲಿಯೇ ತಾವಿದ್ದಾರೆ. ತೊಂದರೆಯಿರುವುದು ಸೌಲಭ್ಯದಲ್ಲಿ. ಏಳೆಂಟು ಮನೆಗಳ ವಸ್ತಿ ಎಂದಿಗೂ ಕಂದಾಯ ಗ್ರಾಮವಾಗಲಾರದು, ಆಗಬೇಕಾಗಿಯೂ ಇಲ್ಲ. ಆದರೆ ಪಂಪ್‌ಸೆಟ್ಟಿನ ಮಾರ್ಗದ ಮೇಲಿರುವ ಮನೆಗೆ ತ್ರೀಫೇಸ್ ಹೋದ ಮೇಲೆ ಓದುವ ಮಗುವಿಗೆ ದೀಪವಿಲ್ಲ. ಹೆರಿಗೆಯ ಹೊತ್ತಿನಲ್ಲಿ ಆಂಬುಲೆನ್ಸು ಮುಖ್ಯ ರಸ್ತೆಯಲ್ಲಿ ನಿಲ್ಲುತ್ತದೆ. ಒಳಗಿನ ದಾರಿ ಎರೆಮಣ್ಣು, ಒಂದು ಮಳೆಗೆ ಟ್ರ್ಯಾಕ್ಟರಿನ ಗಾಲಿಯೂ ಹೂತುಹೋಗುತ್ತದೆ. ದಾರಿ ಮಾಡಬೇಕೆಂದರೆ ನಕಾಶೆಯಲ್ಲಿ ಬಂಡಿದಾರಿ ಇರಬೇಕು, ಇಲ್ಲವೆ ಬದುವಿನ ಎರಡೂ ಕಡೆಯವರು ನೆಲ ಬಿಟ್ಟುಕೊಡಬೇಕು. ಸರ್ಕಾರದ ಹಣಕ್ಕಿಂತ ನೆರೆಯವರ ಒಪ್ಪಿಗೆಯೇ ದುಬಾರಿ ಎಂಬುದು ಹೊಲದ ದಾರಿ ಮಾಡಿಸಿದ ಪ್ರತಿ ಸದಸ್ಯನಿಗೂ ಗೊತ್ತು. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ, ಸಾಕ್ಷಿಗಳ ಸಹಿಯೊಡನೆ ಪಡೆಯುವುದು ಕ್ಷೇಮ; ಮುಂದಿನ ತಲೆಮಾರು ಬಂದು ಡಾಂಬರಿನ ಮೇಲೆಯೇ ಮುಳ್ಳುಬೇಲಿ ಹಾಕಿದ ಸಂದರ್ಭಗಳಿವೆ.

ಇಲ್ಲಿ ಗಮನಿಸಬೇಕಾದ ಒಂದು ಅನುಕೂಲವಿದೆ. ಹಲವು ಯೋಜನೆಗಳ ಘಟಕ ಕಂದಾಯ ಗ್ರಾಮವಲ್ಲ, ಜನವಸತಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭದಿಂದಲೂ ಜನವಸತಿಯನ್ನೇ ಲೆಕ್ಕಕ್ಕೆ ಹಿಡಿದಿದೆ. ಬಯಲುಸೀಮೆಯಲ್ಲಿ 500 ಮತ್ತು ಹೆಚ್ಚಿನ ಜನಸಂಖ್ಯೆ ಅದರ ಮಿತಿ, ಮತ್ತು 500 ಮೀಟರ್ ಅಂತರದೊಳಗಿನ ಮನೆಗುಂಪುಗಳನ್ನು ಕೂಡಿಸಿ ಎಣಿಸಲು ಅವಕಾಶವಿದೆ. ಹತ್ತಿರ ಹತ್ತಿರದ ವಸ್ತಿಗಳನ್ನು ಬೇರೆಬೇರೆಯಾಗಿ ಬರೆದು ಕಳಿಸಿ ಯಾವುದೂ ಮಿತಿ ಮುಟ್ಟದಂತೆ ಮಾಡುವ ಬದಲು, ಕೂಡಿಸಿ ಬರೆದರೆ ಫಲ ಬೇರೆಯಾದೀತು. 2019ರ ಆಗಸ್ಟ್ 15ರಂದು ಪ್ರಕಟವಾದ ಜಲ ಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ಗುರಿಯಾಗಿಟ್ಟಿದೆ. ಶಿಕ್ಷಣ ಹಕ್ಕಿನ ನಿಯಮಗಳು ಕಿರಿಯ ಪ್ರಾಥಮಿಕ ಶಾಲೆಗೆ 1 ಕಿಲೋಮೀಟರ್, ಹಿರಿಯ ಪ್ರಾಥಮಿಕಕ್ಕೆ 3 ಕಿಲೋಮೀಟರ್ ಅಂತರವನ್ನು ಹೇಳಿವೆ; ಆ ಅಂತರವನ್ನು ಅಳೆಯಬೇಕಾದದ್ದು ಮಗುವಿನ ವಾಸಸ್ಥಳದಿಂದ, ಗಾಂವಠಾಣದ ಹನುಮಪ್ಪನ ಗುಡಿಯಿಂದಲ್ಲ.

ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಸದಸ್ಯರಿಗೆ ಮೂರನೆಯ ಬಗೆಯೊಂದು ಪರಿಚಿತ: ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿನಿಂದ ಎತ್ತಿ ಬಂದವರ ಪುನರ್ವಸತಿ ಕೇಂದ್ರಗಳು. ಅಲ್ಲಿ ಸಂಗತಿ ತಿರುವುಮುರುವು. ನೇರ ಓಣಿ, ನಂಬರು ಹಾಕಿದ ನಿವೇಶನ, ಯೋಜಿತ ನಕಾಶೆ ಎಲ್ಲವೂ ಉಂಟು. ಮುಳುಗಿದ ಊರು ಮಾತ್ರ ದಾಖಲೆಯಲ್ಲಿ ಹಳೆಯ ಸ್ಥಳದಲ್ಲಿಯೇ ಉಳಿದುಕೊಂಡಿರುವುದುಂಟು. ಕೇಂದ್ರದ ರಸ್ತೆ, ಚರಂಡಿ, ನೀರಿನ ವ್ಯವಸ್ಥೆಯನ್ನು ಪಂಚಾಯತಿ ವಹಿಸಿಕೊಳ್ಳುವಾಗ ಯಾವುದು ಯಾವ ಸ್ಥಿತಿಯಲ್ಲಿದೆ ಎಂದು ಪರಿಶೀಲಿಸಿ ಬರೆದುಕೊಳ್ಳದೆ ಸಹಿ ಮಾಡಬಾರದು ಎಂಬಷ್ಟನ್ನು ಹೇಳಿದರೆ ಸಾಕು.

ಊರಾಗದ ಊರು ಈ ನಾಡಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ನಗರಸಭೆಯಾಗಲಿ ಗ್ರಾಮಾಡಳಿತವಾಗಲಿ ಇಲ್ಲದೆ ನೇರವಾಗಿ ಕೌಂಟಿಯ, ಅಂದರೆ ಜಿಲ್ಲೆಯಂಥ ಘಟಕದ, ಆಡಳಿತದಲ್ಲಿರುವ ಸಣ್ಣ ನೆಲೆಗಳು ಅಸಂಖ್ಯಾತ. ಟೆಕ್ಸಾಸಿನ ಮೆಕ್ಸಿಕೋ ಗಡಿಯುದ್ದಕ್ಕೂ ‘ಕೊಲೊನಿಯಾ’ ಎನಿಸುವ ಬಡ ಕೂಲಿಕಾರರ ನೆಲೆಗಳಲ್ಲಿ ನೀರು, ಚರಂಡಿ ಇಲ್ಲದ ನಿವೇಶನಗಳನ್ನು ಮಾರಿ ಹೋದವರ ಕಾರಣದಿಂದ ದಶಕಗಳ ಕಾಲ ಜನ ಬವಣೆಪಟ್ಟರು. ಫ್ರಾನ್ಸಿನಲ್ಲಿ ಇದಕ್ಕೆ ವಿರುದ್ಧ: ಸುಮಾರು 35 ಸಾವಿರ ಕಮ್ಯೂನುಗಳು, ಅವುಗಳಲ್ಲಿ ಅನೇಕವು ಒಂದು ತಾಂಡಾಕ್ಕಿಂತ ಚಿಕ್ಕವು, ಆದರೂ ಪ್ರತಿಯೊಂದಕ್ಕೂ ತನ್ನದೇ ಮೇಯರ್. ಕರ್ನಾಟಕ ಆಯ್ದುಕೊಂಡದ್ದು ನಡುವಿನ ದಾರಿ. ಪಂಚಾಯತಿ ದೊಡ್ಡದಾಗಿರಲಿ, ಆದರೆ ಪ್ರತಿ 400 ಜನರಿಗೊಬ್ಬ ಸದಸ್ಯನಿರಲಿ, ಗ್ರಾಮ ಸಭೆಯ ಕೆಳಗೆ ವಾರ್ಡ್ ಸಭೆ, ಅದರ ಕೆಳಗೆ ಜನವಸತಿ ಸಭೆ ಇರಲಿ ಎಂಬುದು ಇಲ್ಲಿನ ಏರ್ಪಾಡು. ಅಬ್ದುಲ್ ನಜೀರ್ ಸಾಬರ ಕಾಲದಿಂದ ಬೆಳೆದುಬಂದ ಈ ವ್ಯವಸ್ಥೆಯಲ್ಲಿ ತಾಂಡಾಕ್ಕೂ ವಸ್ತಿಗೂ ಸ್ಥಾನವಿದೆ. ಆದರೆ ನಡೆಯುತ್ತಿರುವುದೇನು? ಜನವಸತಿ ಸಭೆಯ ನಡಾವಳಿ ಎಷ್ಟೋ ಕಡೆ ಪಂಚಾಯತಿ ಕಚೇರಿಯಲ್ಲಿಯೇ ಬರೆದು ಮುಗಿಯುತ್ತದೆ. ಸಭೆಗೆಂದು ತಾಂಡಾದ ಕಟ್ಟೆಯ ಮೇಲೆ ಕಾಲಿಡದ ಸಭೆಯನ್ನು ಜನವಸತಿ ಸಭೆ ಎನ್ನುವುದು ಕಷ್ಟ.

ಹಲಸಂಗಿಯ ನೆನಪು ಇಲ್ಲಿ ಅಪ್ರಸ್ತುತವಾಗಲಾರದು. ಅಂದು ಇಂಡಿ ತಾಲ್ಲೂಕಿನಲ್ಲಿದ್ದು ಇಂದು ಚಡಚಣ ತಾಲ್ಲೂಕಿಗೆ ಸೇರಿದ ಆ ಹಳ್ಳಿಯ ಗೆಳೆಯರ ಗುಂಪು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ ಮೊದಲಾದವರು, ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡದ್ದೇ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚಾಯಿತು. ಅವರು ಮಾಡಿದ್ದು ಮನೆಮನೆಗೆ ಹೋಗಿ, ಕೇಳಿ, ಬರೆದುಕೊಳ್ಳುವ ಕೆಲಸ. ಪಂಚಾಯತಿಗೆ ಈಗ ಬೇಕಾದದ್ದೂ ಅಂಥದೇ ಒಂದು ವಹಿ: ಪ್ರತಿ ತಾಂಡಾ, ಪ್ರತಿ ವಸ್ತಿಯ ಹೆಸರು, ಅದು ನಿಂತ ಸರ್ವೆ ನಂಬರು, ಜಮೀನು ಖಾಸಗಿಯೋ ಸರ್ಕಾರಿಯೋ, ಮನೆಗಳೆಷ್ಟು, ಜನರೆಷ್ಟು, ಆರು ವರ್ಷದೊಳಗಿನ ಮಕ್ಕಳೆಷ್ಟು, ನೀರು ಎಲ್ಲಿಂದ, ದೀಪ ಯಾವ ಮಾರ್ಗದಿಂದ, ದಾರಿ ಯಾರ ಹೊಲದ ಮೇಲಿಂದ, ಸ್ಮಶಾನ ಎಲ್ಲಿ. ಇದಕ್ಕೆ ಅನುದಾನ ಬೇಡ, ಮೇಲಿನ ಆದೇಶಕ್ಕೂ ಕಾಯಬೇಕಾಗಿಲ್ಲ.

ಹಂಗಾಮು ಮಾತ್ರ ನೋಡಿಕೊಳ್ಳಬೇಕು. ಕಬ್ಬಿನ ಹಂಗಾಮು ಮುಗಿಸಿ ಜನರು ತಾಂಡಾಗಳಿಗೆ ಮರಳುವುದು ಹೋಳಿ, ಯುಗಾದಿಯ ಸುಮಾರಿಗೆ. ಅಲ್ಲಿಂದ ಮುಂಗಾರಿನ ಬಿತ್ತನೆಯವರೆಗಿನ ದಿನಗಳಲ್ಲಿ ಕರೆದ ಜನವಸತಿ ಸಭೆಗೆ ಮನೆಯೊಡೆಯರು ಬರುತ್ತಾರೆ. ಹಿಂಗಾರಿನ ನಂತರ ಕರೆದ ಸಭೆಗೆ ಬೀಗಗಳು ಮಾತ್ರ ಉತ್ತರ ಕೊಡುತ್ತವೆ. ವಹಿ ಬರೆಯುವುದಾಗಲಿ, ಮಾಲೀಕನೊಡನೆ ಮಾತುಕತೆಯಾಗಲಿ, ಹಕ್ಕುಪತ್ರದ ಬಾಕಿ ಅರ್ಜಿಗಳ ಪರಿಶೀಲನೆಯಾಗಲಿ ಆ ಅವಧಿಯಲ್ಲಿಯೇ ಮುಗಿಯಬೇಕು. ಮತ್ತೆ ಹೊರಡುವ ಹೊತ್ತಿಗೆ, ಯಾವ ಮನೆಯವರು ಎಲ್ಲಿಗೆ, ಎಷ್ಟು ಮಂದಿ, ಯಾವ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದಾರೆಂಬ ಪಟ್ಟಿಯ ಒಂದು ಪ್ರತಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೂ, ಒಂದು ಪ್ರತಿಯನ್ನು ಗ್ರಾಮ ಆಡಳಿತ ಅಧಿಕಾರಿಗೂ, ಒಂದು ಪ್ರತಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೂ ವಾರ್ಡಿನ ಸದಸ್ಯರು ಸಹಿ ಮಾಡಿ ಮುಟ್ಟಿಸಿರಬೇಕು.